ಜಕ್ಕಲಿಯ ದೊಡ್ಡಮೇಟಿ ಮನೆ: ಏಕೀಕರಣದ ನೆಲೆಯಾಗಿ ಒಂದು ಒಕ್ಕಲು ಮನೆತನ

ಕರ್ನಾಟಕ ಏಕೀಕರಣವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಪರಿಷತ್ತುಗಳ ಠರಾವುಗಳು, ಶಾಸನಸಭೆಯ ನಡಾವಳಿಗಳು ಹಾಗೂ 1948ರ ಧಾರ್ ಆಯೋಗ, 1955ರ ಫಜಲ್ ಅಲಿ ಆಯೋಗದ ವರದಿಗಳನ್ನು ಆಧರಿಸಿವೆ. ಆ ಠರಾವುಗಳನ್ನು ಮಂಡಿಸಿದವರು ಬೆಳೆದ ಮನೆಗಳು, ಅವರನ್ನು ರೂಪಿಸಿದ ಒಕ್ಕಲುತನದ ಬದುಕು ಆಕರಗಳೆಂಬ ದೃಷ್ಟಿಯಿಂದ ವಿದ್ವಾಂಸರ ಗಮನಕ್ಕೆ ಬಂದದ್ದು ಕಡಿಮೆ. ಗದಗ ಜಿಲ್ಲೆಯ ನರೇಗಲ್ಲ ಸಮೀಪದ ಜಕ್ಕಲಿ ಗ್ರಾಮದಲ್ಲಿರುವ ಅಂದಾನಪ್ಪ ದೊಡ್ಡಮೇಟಿಯವರ ಮನೆಯು ಈ ಕೊರತೆಯನ್ನು ತುಂಬಬಲ್ಲ ಒಂದು ನೆಲೆಯಾಗಿದೆ. ಅದರ ಐತಿಹಾಸಿಕ ಮಹತ್ವವನ್ನೂ ಸಂರಕ್ಷಣೆಯ ಸಮಸ್ಯೆಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ಗಡಿಗಳು

ದೊಡ್ಡಮೇಟಿಯವರು 1908ರಲ್ಲಿ ಜಕ್ಕಲಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಅಂದಿನ ಗದಗ ಸೀಮೆಯ ರಾಜಕೀಯ ನಕಾಶೆಯನ್ನು ಅರಿಯದೆ ಅವರ ಏಕೀಕರಣ ನಿಷ್ಠೆಯ ಮೂಲವನ್ನು ಗ್ರಹಿಸಲಾಗದು. ಗದಗ, ಬೆಟಗೇರಿ, ರೋಣ, ಮುಂಡರಗಿಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಒಳಪಟ್ಟಿದ್ದವು. ಮೂಡಣಕ್ಕೆ ಕುಕನೂರು, ಯಲಬುರ್ಗಾಗಳ ಕಡೆ ನಿಜಾಮನ ಆಳ್ವಿಕೆಯಿತ್ತು. ಒಂದೇ ಮಾತು, ಒಂದೇ ಬೆಳೆ, ಒಂದೇ ಜಾತ್ರೆಗಳನ್ನುಳ್ಳ ಜನ ಎರಡು ದಿನದ ಬಂಡಿಯ ಪ್ರಯಾಣದೊಳಗೆ ಹಲವು ಸರಕಾರಗಳ ಸೀಮೆಗಳನ್ನು ದಾಟಬೇಕಾಗುತ್ತಿತ್ತು. ಸಂಸ್ಥಾನಗಳ ವಿಲೀನದಿಂದ 1948ರಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿಗಳು ಮುಂಬಯಿ ಪ್ರಾಂತಕ್ಕೆ ಸೇರಿದವಾದರೂ ಹೈದರಾಬಾದಿನ ಗಡಿ 1956ರವರೆಗೆ ಉಳಿಯಿತು. ಈ ಭಾಗದ ರೈತನಿಗೆ ಏಕೀಕರಣವು ಕೇವಲ ಭಾಷಾಭಿಮಾನದ ಮಾತಾಗಿರದೆ ಸಂಬಂಧ, ಸಂತೆ, ಸುಂಕಗಳ ನಿತ್ಯದ ಪ್ರಶ್ನೆಯೂ ಆಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

ಹೊಲದಿಂದ ಶಾಸನಸಭೆಗೆ

ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು ಸೆರೆವಾಸ ಅನುಭವಿಸಿದ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸದಸ್ಯರಾದರು. 1947ರ ಏಪ್ರಿಲ್‌ನಲ್ಲಿ ಆ ಸಭೆಯಲ್ಲಿ ಅವರು ಮಂಡಿಸಿದ ಕರ್ನಾಟಕ ಏಕೀಕರಣದ ಠರಾವು ಅಂಗೀಕೃತವಾಯಿತು. ಆದರೆ ಠರಾವಿನಿಂದ ಪ್ರಾಂತ ರಚನೆಯಾಗಲಿಲ್ಲ. 1953ರಲ್ಲಿ ಆಂಧ್ರ ರಾಜ್ಯದ ಘೋಷಣೆಯಾಗಿ ಕನ್ನಡಿಗರ ಬೇಡಿಕೆ ಹಾಗೆಯೇ ಉಳಿದಾಗ ಅವರು ಶಾಸನಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ನೀಡಿ ಉಪವಾಸ ಕೈಗೊಂಡರು. ಅದೇ ವರ್ಷ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 23 ದಿನ ಉಪವಾಸ ಮಾಡಿದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನಾಕ್ರೋಶ ಸ್ಫೋಟಿಸಿತು. ಜಕ್ಕಲಿ, ಅದರಗುಂಚಿ ಎರಡೂ ಹಳ್ಳಿಗಳೇ. ಉಪವಾಸ ಕುಳಿತವರಿಬ್ಬರೂ ಒಕ್ಕಲು ಮನೆತನದವರೇ. ನಗರಗಳ ವಿದ್ಯಾವಂತರು ವರ್ಧಿಸಿದ ವಿಚಾರವು ಹಳ್ಳಿಯ ಪಡಸಾಲೆಯಲ್ಲಿ ಚಳವಳಿಯ ರೂಪ ತಾಳಿದ ಘಟ್ಟವಿದು.

ರಾಜ್ಯ ರಚನೆಯ ನಂತರವೂ ಅವರ ಕಾರ್ಯ ನಿಲ್ಲಲಿಲ್ಲ. ನೂತನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡಬೇಕೆಂದು 1957ರಲ್ಲಿ ಮೈಸೂರು ವಿಧಾನಸಭೆಯಲ್ಲಿ ಅವರು ಎತ್ತಿದ ಬೇಡಿಕೆ ಅಂದು ಫಲಿಸಲಿಲ್ಲ. 1972ರ ಜುಲೈನಲ್ಲಿ ವಿಧಾನಸಭೆಯು ನಾಮಕರಣದ ನಿರ್ಣಯ ಕೈಗೊಂಡಿತು. 1973ರ ನವೆಂಬರ್ 1ರಂದು ಅದು ಜಾರಿಗೆ ಬಂದಿತು. 1972ರ ಆರಂಭದಲ್ಲಿಯೇ ನಿಧನರಾದ ದೊಡ್ಡಮೇಟಿಯವರು ಅದನ್ನು ಕಾಣಲಿಲ್ಲ.

ಮನೆಯೊಳಗಿನ ಚಿತ್ರ

ಈ ಮನೆಯಲ್ಲಿ ಕಾಯ್ದುಕೊಂಡು ಬಂದಿರುವ ಅತ್ಯಂತ ಮಹತ್ವದ ವಸ್ತು ಕನ್ನಡಾಂಬೆ ಭುವನೇಶ್ವರಿಯ ವರ್ಣಚಿತ್ರ. ಗದುಗಿನ ಕಲಾವಿದ ಸಿ. ಎನ್. ಪಾಟೀಲರು ಇದನ್ನು 1953ರಲ್ಲಿ ರಚಿಸಿದರು. ಅಖಂಡ ಕರ್ನಾಟಕ ಎಲ್ಲಿಯೂ ಇಲ್ಲದಿದ್ದ ದಿನಗಳಲ್ಲಿ ಅದರ ಅಧಿದೇವತೆಯು ಒಂದು ಹಳ್ಳಿಯ ಮನೆಯಲ್ಲಿ ಪೂಜೆಗೊಳ್ಳುತ್ತಿದ್ದಳೆಂಬುದು ಗಮನಾರ್ಹ. ರಾಜ್ಯಕ್ಕಿಂತ ರಾಜ್ಯದ ಪ್ರತಿಮೆ ಮೂರು ವರ್ಷ ಹಿರಿಯದು. ಸಭಾಭವನದ ಗೋಡೆಗೇರದೆ ಮನೆದೇವರ ಸಾಲಿನಲ್ಲಿ ನೆಲೆಗೊಂಡದ್ದರಿಂದಲೇ ಈ ಚಿತ್ರ ಉಳಿದು ಬಂದಿತೆನ್ನಬಹುದು.

ಸಂರಕ್ಷಣೆಯ ಪ್ರಶ್ನೆ

ನೇತಾರನೊಬ್ಬನ ಬಾಲ್ಯದ ಒಕ್ಕಲು ಮನೆಯನ್ನು ಸ್ಮಾರಕವಾಗಿಸಿದುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಬಳಿಯ ನಿದರ್ಶನ ಉಪಯುಕ್ತ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ (1924–2024) ಬೆಳೆದ ಹೊಲಮನೆಯನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯು ದುರಸ್ತಿಗೊಳಿಸಿ 2000ದಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮನೆಗೆ ವಿದ್ಯುತ್ ಬಂದ 1938ಕ್ಕೆ ಮುಂಚಿನ ಸ್ಥಿತಿಯನ್ನು ಮಾದರಿಯಾಗಿಟ್ಟುಕೊಂಡು ಕಣಜ, ಕಮ್ಮಾರಸಾಲೆ, ಅಂಗಡಿ, ಹೊಲಗಳನ್ನೂ ಒಟ್ಟಿಗೆ ಉಳಿಸಲಾಗಿದೆ. ನೋಡುಗನಿಗೆ ವ್ಯಕ್ತಿಯ ಜೊತೆಗೆ ಆತನ ಸುತ್ತಲಿನ ದುಡಿಮೆಯ ಲೋಕವೂ ಅರ್ಥವಾಗುತ್ತದೆ.

ಗದಗ ಸೀಮೆಯಲ್ಲಿ ಇಂಥ ಕಾರ್ಯಕ್ಕೆ ವಿಶೇಷ ತೊಡಕುಗಳಿವೆ. ಇಲ್ಲಿನ ಎರೆಭೂಮಿಯ ಸಾಂಪ್ರದಾಯಿಕ ಮನೆ ಮಣ್ಣಿನ ಮಾಳಿಗೆಯದು. ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಹದಗೊಳಿಸಿದ ಮಣ್ಣಿನ ಹೊದಿಕೆ, ಬೆಳಕಿಗೆ ಬೆಳಕಿಂಡಿ. ತಲಬಾಗಿಲ ಒಳಗೆ ದನಗಳ ಅಂಕಣ, ಗೋದಲಿ. ಅದರಾಚೆ ಎತ್ತರದ ಪಡಸಾಲೆ. ಜೋಳ ಶೇಖರಿಸಲು ಹಗೇವು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿ ಬಡಿಯದಿದ್ದರೆ ನೀರಿಳಿದು ಜಂತಿ ಕೊಳೆಯುತ್ತದೆ, ಗೋಡೆ ಕುಸಿಯುತ್ತದೆ. ಇಂಥ ಮನೆಯನ್ನು ಬೀಗ ಹಾಕಿ ರಕ್ಷಿಸಲಾಗದು. ಅದನ್ನು ಉಳಿಸುವುದು ವಾಸ ಮತ್ತು ವರ್ಷಾವಧಿಯ ಆರೈಕೆ. ಎತ್ತುಗಳು ಕಡಿಮೆಯಾಗಿ ದನದ ಅಂಕಣ ಬರಿದಾದಂತೆ, ಕಾಂಕ್ರೀಟು ಬಂದಂತೆ ಈ ವಿನ್ಯಾಸ ಹಳ್ಳಿಹಳ್ಳಿಗಳಲ್ಲಿ ಅಳಿಯುತ್ತಿದೆ.

ಕಾನೂನಿನ ಆಶ್ರಯವೂ ಸೀಮಿತ. 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ರಚನೆಗಳನ್ನು ಮಾತ್ರ ಪರಿಗಣಿಸುತ್ತದೆ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ವರ್ಣಚಿತ್ರಕ್ಕೆ ನೂರು ವರ್ಷ, ಐತಿಹಾಸಿಕ ದಾಖಲೆ, ಹಸ್ತಪ್ರತಿಗಳಿಗೆ 75 ವರ್ಷ ತುಂಬಿರಬೇಕು. ಅಂತೆಯೇ ಜಕ್ಕಲಿಯ ಚಿತ್ರವು 2053ರವರೆಗೆ ಪುರಾವಸ್ತುವೆನಿಸದು. ಏಕೀಕರಣ ಕಾಲದ ಸಾಮಗ್ರಿಯೆಲ್ಲ ಬಹುಪಾಲು ಇದೇ ನಡುವಿನ ಅವಧಿಗೆ ಸೇರಿದೆ: ಮರೆತುಹೋಗುವಷ್ಟು ಹಳೆಯದು, ರಕ್ಷಣೆ ಪಡೆಯುವಷ್ಟು ಪ್ರಾಚೀನವಲ್ಲ. ಅಲ್ಲಿಯವರೆಗೆ ಅದರ ಭಾರವೆಲ್ಲ ಮನೆತನಗಳ ಹೆಗಲ ಮೇಲಿದೆ.

ಆದುದರಿಂದ ಮೊದಲು ಆಗಬೇಕಾದುದು ದಾಖಲೀಕರಣ. ಏಕೀಕರಣ ಹೋರಾಟಗಾರರ ಮನೆಗಳ ಅಳತೆ ನಕ್ಷೆ, ಛಾಯಾಚಿತ್ರ, ಪತ್ರ ಮತ್ತು ಲೆಕ್ಕದ ಪುಸ್ತಕಗಳ ಪಟ್ಟಿ, ಊರ ಹಿರಿಯರ ಮೌಖಿಕ ನಿರೂಪಣೆ ಇವುಗಳನ್ನು ಮನೆತನದವರ ಒಪ್ಪಿಗೆಯಿಂದ ಸಂಗ್ರಹಿಸುವುದು ಅಗತ್ಯ. ಇದಕ್ಕೆ ಸ್ವಾಧೀನ ಬೇಕಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಪ್ರತಿಮೆ ಸ್ಥಾಪನೆಯಿಂದ ನಾಯಕನ ಮುಖ ಉಳಿಯುತ್ತದೆ. ಹಗೇವು, ಗೋದಲಿ, ಪಡಸಾಲೆಗಳು ಉಳಿದರೆ ಆತನು ಯಾರ ಪರವಾಗಿ ಮಾತನಾಡಿದನೆಂಬುದೂ ಉಳಿಯುತ್ತದೆ. ಕರ್ನಾಟಕವೆಂಬ ಹೆಸರಿಗಾಗಿ ದುಡಿದು ಅದು ಕೈಗೂಡುವ ಮುನ್ನವೇ ಕಣ್ಮುಚ್ಚಿದವರ ವಿಷಯದಲ್ಲಿ ಆ ಹೆಸರಿನ ರಾಜ್ಯಕ್ಕೆ ಇಷ್ಟು ಹೊಣೆಯಿದೆ.