ಕಮಾನು ಬೇಡ, ಅಳತೆ ಬೇಕು

‘ಹಳೇ ಪೇಟೆ ಬೀದಿ ಥರಾ ಒಂದು ಮಾಡ್ಕೊಡಿ ಮೇಡಂ’ ಎನ್ನುತ್ತ ಬರುವ ಬಿಲ್ಡರುಗಳು ಈಚೆಗೆ ಜಾಸ್ತಿಯಾಗಿದ್ದಾರೆ. ಮೊಬೈಲಿನಲ್ಲಿ ಫೋಟೊ ಇರುತ್ತದೆ: ಕಮಾನು, ಕೆತ್ತನೆಯ ಕಂಬ, ಹೆಂಚಿನ ಮಾಡು. ಆರ್ಕಿಟೆಕ್ಟಾದ ನಾನು ಹೇಳುವುದಿಷ್ಟೆ: ಫೋಟೊ ಬಿಡಿ, ಅಳತೆ ಟೇಪು ಹಿಡಿದು ಚಿಕ್ಕಪೇಟೆಗೆ ನಡೆಯಿರಿ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಯಲ್ಲಿ ಅಕ್ಕಿಗೊಂದು, ಅರಳೆಗೊಂದು, ಗಾಣಿಗರಿಗೊಂದು ಬೀದಿ. ರಸ್ತೆಗೆ ಮುಖ ಮಾಡಿ ಅಂಗಡಿ. ಹಿಂದೆಯೋ ಮೇಲೋ ಸಂಸಾರ. ಅಂಗಡಿಯ ಅಗಲ ಕಡಿಮೆ, ಉದ್ದ ಹೆಚ್ಚು. ಗುಟ್ಟಿರುವುದೇ ಅಲ್ಲಿ. ಡೆನ್ಮಾರ್ಕಿನ ಆರ್ಕಿಟೆಕ್ಟ್ ಯಾನ್ ಗೇಲ್ ಬೀದಿಗಳಲ್ಲಿ ಓಡಾಡುವ ಜನರನ್ನು ದಶಕಗಟ್ಟಲೆ ಗಮನಿಸಿದವರು. ನೂರು ಮೀಟರಿನಲ್ಲಿ 15ರಿಂದ 20 ಅಂಗಡಿಗಳಿದ್ದರೆ ನಡೆಯುವವರಿಗೆ ನಾಲ್ಕೈದು ಸೆಕೆಂಡಿಗೊಮ್ಮೆ ಹೊಸದೇನೋ ಕಾಣುತ್ತದೆ ಎಂಬುದು ಅವರ ಲೆಕ್ಕ. ಅಷ್ಟೇ ದೂರಕ್ಕೆ ಮಾಲ್‌ನ ಗಾಜಿನ ಗೋಡೆಯೊಂದೇ ಇದ್ದರೆ ಆಟೊ ಹತ್ತೋಣ ಅನಿಸುತ್ತದೆ. ಎತ್ತರಕ್ಕೂ ಮಿತಿಯುಂಟು: ಐದನೇ ಮಹಡಿ ದಾಟಿದ ಮೇಲೆ ಬೀದಿಯ ನಂಟು ತಪ್ಪುತ್ತದೆ ಎನ್ನುತ್ತಾರೆ ಗೇಲ್.

ವ್ಯಾಪಾರದ ಜಾಗದಲ್ಲಿ ಮನೆ ಯಾಕೆ? ಬರೀ ಆಫೀಸುಗಳಿರುವ ಕಡೆ ಹೋಟೆಲಿನವನಿಗೆ ಮಧ್ಯಾಹ್ನದ್ದೊಂದೇ ವ್ಯಾಪಾರ. ಮನೆಗಳೂ ಇದ್ದರೆ ಬೆಳಗ್ಗೆ ಹಾಲು–ಹೂವಿಗೆ, ಸಂಜೆ ತರಕಾರಿಗೆ, ರಾತ್ರಿ ಮೆಡಿಕಲ್ ಶಾಪಿಗೆ ಜನ ಇಳಿಯುತ್ತಾರೆ. ಬೀದಿಗೆ ಅವರೇ ಕಾವಲು. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ವಾದಿಸಿದರು. ಕಡಿಮೆ ಬಾಡಿಗೆಯ ಹಳೇ ಕಟ್ಟಡಗಳೂ ಇರಬೇಕು, ಹೊಸ ಕಸುಬು ಚಿಗುರುವುದು ಅಲ್ಲೇ ಎಂದರು. ಹೊಸ ಬಡಾವಣೆಗೆ ಹಳೇ ಕಟ್ಟಡ ಎಲ್ಲಿಂದ ತರುವುದು? ಅದಕ್ಕೇ ನಾನು ನಕ್ಷೆಯಲ್ಲಿ ಹತ್ತಡಿ ಅಗಲದ ಮಳಿಗೆಗಳನ್ನು ಹಟ ಹಿಡಿದು ಬರೆಯುತ್ತೇನೆ. ಟೈಲರು, ಬೀಗದ ಕೈ ಮಾಡುವವರು, ಝೆರಾಕ್ಸಿನವರು ಬಾಡಿಗೆ ಕಟ್ಟಬಲ್ಲ ಅಳತೆ ಅದು.

ಪೇಟೆಯದ್ದೆಲ್ಲ ನಕಲು ಮಾಡಬೇಕಿಲ್ಲ. ಮನೆಗಳಿದ್ದ ಎಷ್ಟೋ ಕಡೆ ಈಗ ಗೋಡೌನುಗಳಿವೆ. ತಲೆ ಮೇಲೆ ತಂತಿಗಳ ಗೋಜಲು. ಕೆಲವು ಗಲ್ಲಿಗಳಲ್ಲಿ ಫೈರ್ ಎಂಜಿನ್ ನುಗ್ಗಲಾರದು. ಹೊಸದಾಗಿ ಕಟ್ಟುವಾಗ ಕೇಬಲು ನೆಲದಡಿಗೆ, ಸರಕಿನ ಗಾಡಿ ಹಿಂದಿನ ಓಣಿಗೆ, ಬೆಂಕಿಗಾಡಿಗೆ ಬೇಕಾದಷ್ಟು ದಾರಿ ಮೊದಲೇ ಇಡಬಹುದು.

‘ಇಷ್ಟು ಜನರ ಹತ್ತಿರ ಬಾಡಿಗೆ ವಸೂಲಿ ತಲೆನೋವು, ದೊಡ್ಡ ಶೋರೂಮಾದರೆ ಒಂದೇ ಚೆಕ್ಕು’ ಎನ್ನುತ್ತಾರೆ ಬಿಲ್ಡರು. ಶೋರೂಮು ಖಾಲಿ ಮಾಡಿದರೆ ಅರ್ಧ ಬೀದಿಗೆ ಶಟರ್ ಬೀಳುತ್ತದೆ. ಹತ್ತರಲ್ಲಿ ಒಂದು ಅಂಗಡಿ ಹೋದರೆ ಒಂಬತ್ತು ತೆರೆದಿರುತ್ತವೆ. ಕಮಾನಿನ ದುಡ್ಡಲ್ಲಿ ಫುಟ್‌ಪಾತ್ ಅಗಲ ಮಾಡಿ ಎಂದೂ ಸೇರಿಸುತ್ತೇನೆ. ಕೆಲವರು ಒಪ್ಪುತ್ತಾರೆ, ಉಳಿದವರು ಕಮಾನು ಬರೆದುಕೊಡುವ ಬೇರೆ ಆರ್ಕಿಟೆಕ್ಟನ್ನು ಹುಡುಕಿಕೊಳ್ಳುತ್ತಾರೆ.