ಹಳೆಯ ಗಣಕಯಂತ್ರಕ್ಕೆ ಎಷ್ಟು ಖರ್ಚು?

ಕಳವಾರದ ಸುತ್ತಿನ ಕೆಲವು ಸದಸ್ಯ ಬಾಂಧವರು ತೋಟದ ಲೆಕ್ಕವನ್ನು ಇಂದಿಗೂ ಪೆಂಟಿಯಂ-4 ಗಣಕಯಂತ್ರದಲ್ಲೇ ಇಟ್ಟಿದ್ದಾರೆ. ಆ ಚಿಪ್ಪು ಬಂದದ್ದು 2000ದಲ್ಲಿ. ಅದಕ್ಕೆ ಎಷ್ಟರಮಟ್ಟಿಗೆ ಹಣ ಹಾಕಬಹುದೆಂಬುದನ್ನು ನೋಡೋಣ.

ತಾರೀಖು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ 3 ವೋಲ್ಟಿನ ಬಿಲ್ಲೆ ಸೆಲ್ (ಸಿ.ಆರ್.2032) ಬದಲಿಸತಕ್ಕದ್ದು, ಇಲ್ಲವಾದರೆ ಬಟವಾಡೆಯ ತಾರೀಖೇ ತಪ್ಪುತ್ತದೆ. ಯಂತ್ರ ನಿಧಾನವಾಗಿದ್ದರೆ ಮೆಮೊರಿ ಹೆಚ್ಚಿಸಬಹುದು. ಆದರೆ ಹಳೆಯದನ್ನು ಕಳಚಿ ಅಂಗಡಿಗೆ ಒಯ್ಯಿರಿ. ಡಿ.ಡಿ.ಆರ್. ಇದ್ದಲ್ಲಿ ಡಿ.ಡಿ.ಆರ್.2 ಕೂರುವುದಿಲ್ಲ, ಕಚ್ಚಿನ ಜಾಗ ಬೇರೆ.

ಎಲ್ಲಕ್ಕೂ ಮುಂಚೆ ಲೆಕ್ಕದ ಪ್ರತಿಯೊಂದನ್ನು ಪೆನ್ ಡ್ರೈವಿಗೆ ತೆಗೆದಿಡಿ. ಹಳೆಯ ನುಡಿ ಅಕ್ಷರದ ಕನ್ನಡವನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಾಗದ ಗುರುತುಗಳಾಗಿ ಕಾಣುತ್ತದೆ.

ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡವೆಂದು ನಮ್ಮ ಅಭಿಪ್ರಾಯ. ಅದರ ಬೆಂಬಲವನ್ನು ತಯಾರಕರು 2014ರ ಏಪ್ರಿಲ್ 8ರಂದು ನಿಲ್ಲಿಸಿದರು. ಮೆಮೊರಿ ಎಷ್ಟು ಹಾಕಿದರೂ ಆ ಕೊರತೆ ತುಂಬದು.