ತೌಲನಿಕ ಪ್ರಬಂಧದ ರಚನೆ

ಎರಡು ವಿಷಯಗಳನ್ನು ಒಂದರ ಕೆಳಗೊಂದು ವಿವರಿಸಿದ ಮಾತ್ರಕ್ಕೆ ತೌಲನಿಕ ಪ್ರಬಂಧವಾಗದು. ವಿದ್ಯಾರ್ಥಿಗಳು ಬಹುಮಟ್ಟಿಗೆ ಎಡವುವುದು ಇಲ್ಲಿಯೇ. ತಕ್ಕಡಿಗೆ ತಟ್ಟೆಗಳು ಎರಡಿದ್ದರೂ ಮುಳ್ಳು ಒಂದೇ. ಅಂತೆಯೇ, ಎರಡು ವಿಷಯಗಳಿಗೂ ಒಂದೇ ಪ್ರಶ್ನೆಯನ್ನು ಹಾಕಿದಾಗ ಮಾತ್ರ ತುಲನೆ ಸಾರ್ಥಕವಾಗುತ್ತದೆ.

ಪಂಪನ 'ವಿಕ್ರಮಾರ್ಜುನ ವಿಜಯ' ಹಾಗೂ ರನ್ನನ 'ಗದಾಯುದ್ಧ'ಗಳನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೊದಲು ಸಾಮ್ಯವನ್ನು ಗುರುತಿಸಬೇಕು. ಇಬ್ಬರೂ ಜೈನ ಕವಿಗಳು. ಎರಡೂ ಮಹಾಭಾರತವನ್ನು ಆಧರಿಸಿದ ಚಂಪೂ ಕಾವ್ಯಗಳು. ಎರಡರಲ್ಲಿಯೂ ಆಶ್ರಯದಾತನೇ ಕಥಾನಾಯಕನೊಡನೆ ಸಮೀಕರಣಗೊಂಡಿದ್ದಾನೆ. ಈ ಸಮಾನ ನೆಲೆಯಿಲ್ಲದೆ ವೈಷಮ್ಯದ ಮಾತಿಗೆ ಆಧಾರವಿರದು.

ಈ ಸಾಮ್ಯದಿಂದಲೇ ಪ್ರಶ್ನೆಯೂ ಹುಟ್ಟುತ್ತದೆ: ಆಶ್ರಯದಾತನನ್ನು ನಾಯಕನಾಗಿಸಿದುದರಿಂದ ಕಥೆ ಯಾವ ರೂಪವನ್ನು ತಳೆಯಿತು? ಪಂಪನು ಅರಿಕೇಸರಿಯನ್ನು ಅರ್ಜುನನಾಗಿಸಿ ಸಮಸ್ತ ಭಾರತವನ್ನು 14 ಆಶ್ವಾಸಗಳಲ್ಲಿ ಹೇಳಿದನು. ದ್ರೌಪದಿ ಅಲ್ಲಿ ಅರ್ಜುನನೊಬ್ಬನಿಗೇ ಪತ್ನಿ. ಸತ್ಯಾಶ್ರಯನನ್ನು ಭೀಮನಾಗಿಸಿದ ರನ್ನನು ಕಡೆಯ ಗದಾಯುದ್ಧವನ್ನೇ ಕೇಂದ್ರವಾಗಿಸಿಕೊಂಡು, ಹಿಂದಿನ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ 10 ಆಶ್ವಾಸಗಳಲ್ಲಿ ಅಡಕಗೊಳಿಸಿದನು. ಆದರೂ ಸೋಲುವ ದುರ್ಯೋಧನನೇ ಅಲ್ಲಿ ಓದುಗನ ಕರುಣೆಯನ್ನು ಸೆಳೆಯುತ್ತಾನೆ.

ಬರೆಯುವಾಗ ಕವಿಗೊಂದು ಭಾಗವನ್ನು ಮೀಸಲಿಡದೆ, ವಸ್ತು, ನಾಯಕ, ಕಥನಕ್ರಮ ಎಂದು ಅಂಶಕ್ಕೊಂದು ಪರಿಚ್ಛೇದವನ್ನು ಇರಿಸಿ, ಪ್ರತಿಯೊಂದರಲ್ಲಿಯೂ ಎರಡನ್ನೂ ಎದುರುಬದುರು ನಿಲ್ಲಿಸುವುದು ಲೇಸು. ಅಭಿಪ್ರಾಯದ ಹಿಂದೆಯೇ ಕಾವ್ಯದ ಸನ್ನಿವೇಶವೊಂದು ಸಾಕ್ಷಿಯಾಗಿ ಬರಬೇಕು.

ಉಪಸಂಹಾರದಲ್ಲಿ ಯಾರು ದೊಡ್ಡವರೆಂದು ತೀರ್ಪು ನೀಡಬೇಕಾಗಿಲ್ಲ. ಒಂದನ್ನು ಬಲ್ಲುದರಿಂದ ಇನ್ನೊಂದು ಹೇಗೆ ಹೆಚ್ಚು ಸ್ಪಷ್ಟವಾಯಿತೆಂಬುದನ್ನು ತೋರಿಸಿದರೆ ಪ್ರಬಂಧದ ಉದ್ದೇಶ ಈಡೇರಿದಂತೆ.